ಮಳೆಗಾಲವೇ ನಮ್ಮ ಆಫ್ ಸೀಸನ್: ಯುರೋಪಿನ ಸೈಕ್ಲಿಂಗ್ ಕ್ಯಾಲೆಂಡರ್ ಸಕಲೇಶಪುರದಲ್ಲಿ ಯಾಕೆ ನಡೆಯಲ್ಲ?

ಈ ವಾರದ ಎಪಿಸೋಡ್ ಇತಿಹಾಸದ್ದೇ, ಆದ್ರೆ ಶುರುವಾಗೋದು ನನ್ನ ಮೊಣಕಾಲಿನಿಂದ.

ಮೂರು ವರ್ಷದ ಹಿಂದೆ, ಜೂನ್ ತಿಂಗಳ ಕೊನೆಯ ಭಾನುವಾರ, ಬೆಳಗ್ಗೆ ಆರೂವರೆ. ಬಾಳ್ಳುಪೇಟೆ ಹತ್ತಿರ ಒಂದು ತಿರುವಿನಲ್ಲಿ ನಾನು ರಸ್ತೆ ಮೇಲೆ ಬಿದ್ದಿದ್ದೆ. ಸೈಕಲ್ ಚರಂಡಿಯಲ್ಲಿತ್ತು. ಡಾಂಬರಿನ ಅಂಚಲ್ಲಿ ಪಾಚಿ ಕಟ್ಟಿತ್ತು, ಮುಂದಿನ ಚಕ್ರ ಅದರ ಮೇಲೆ ಹೋದದ್ದೇ ಗೊತ್ತಾಗಲಿಲ್ಲ. ಹಿಂದೆ ಬರ್ತಿದ್ದ ಪಿಕಪ್‌ನವರು ಸಮಯಕ್ಕೆ ಸರಿಯಾಗಿ ಬ್ರೇಕ್ ಹಾಕಿದರು. ಅವರು ಹಾಕದೇ ಇದ್ದಿದ್ರೆ ಈ ಪಾಡ್‌ಕಾಸ್ಟೇ ಇರ್ತಿರಲಿಲ್ಲ. ಮೊಣಕಾಲಿಗೆ ಆರು ಹೊಲಿಗೆ, ಎಡಗೈ ಮಣಿಕಟ್ಟಿಗೆ ಪ್ಲಾಸ್ಟರ್.

ಜೀಪ್ ತಗೊಂಡು ಬಂದ ದೊಡ್ಡಪ್ಪ ಬೈಯಲಿಲ್ಲ. ಒಂದೇ ಮಾತು ಕೇಳಿದ್ರು: "ಆರಿದ್ರೆ ಮಳೇಲಿ ಯಾರ ಮಾತ್ ಕೇಳ್ಕೊಂಡು ಹೊರಟಿದ್ದೆ ಮಗ?"

ನಾನು ಕೇಳಿದ್ದು ಫೋನಿನ ಮಾತು. ಹೊಸದಾಗಿ ರೋಡ್ ಸೈಕಲ್ ಓಡಿಸೋರಿಗೆ ಅಂತ ಒಂದು ವರ್ಷದ ಪ್ಲ್ಯಾನ್ ಡೌನ್‌ಲೋಡ್ ಮಾಡಿಕೊಂಡಿದ್ದೆ. ಅದರಲ್ಲಿ ಆ ಭಾನುವಾರಕ್ಕೆ "ಲಾಂಗ್ ರೈಡ್, 4 ಗಂಟೆ" ಅಂತ ಇತ್ತು. ಅದೇ ಪ್ಲ್ಯಾನ್ ನವೆಂಬರ್‌ಗೆ ಬಂದಾಗ ಹೇಳಿತು: "ಆಫ್ ಸೀಸನ್, ವಿಶ್ರಾಂತಿ, ಮನೆಯೊಳಗಿನ ತರಬೇತಿ." ನವೆಂಬರ್‌ನಲ್ಲಿ ನಮ್ಮ ಆಲೂರು, ಸಕಲೇಶಪುರದ ರಸ್ತೆ ಹೇಗಿರುತ್ತೆ ಗೊತ್ತಲ್ಲ? ಒಣಗಿದ ಡಾಂಬರು, ಎಳೆ ಬಿಸಿಲು, ಮಂಜು. ಮಳೆಯಲ್ಲಿ ಹೊರಗೆ ಬಿದ್ದವನು, ಬಿಸಿಲು ಬಂದಾಗ ಒಳಗೆ ಕೂತೆ. ಎರಡೂ ಸಲ ಪ್ಲ್ಯಾನ್ ಪ್ರಕಾರವೇ.

ದೊಡ್ಡಪ್ಪನ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕೋಕೆ ನನಗೆ ಸುಮಾರು ದಿನ ಹಿಡಿಯಿತು. ಯಾರ ಮಾತು ಅದು? ಆ ಕ್ಯಾಲೆಂಡರ್ ಬರೆದೋರು ಯಾರು?

ಕ್ಯಾಲೆಂಡರ್‌ಗೂ ಒಂದು ಊರು ಇರುತ್ತೆ

ನಾನು ಓದಿದ್ದು ಬಿಕಾಂ. ನಮಗೆ ವರ್ಷ ಅಂದ್ರೆ ಏಪ್ರಿಲ್ 1ರಿಂದ ಮಾರ್ಚ್ 31. ಇದು ದೇವರು ಬರೆದಿದ್ದಲ್ಲ. 1867ರಲ್ಲಿ ಬ್ರಿಟಿಷ್ ಸರ್ಕಾರ ತನ್ನ ದೇಶದ ಲೆಕ್ಕದ ವರ್ಷಕ್ಕೆ ಹೊಂದಲಿ ಅಂತ ಭಾರತದ ಲೆಕ್ಕದ ವರ್ಷವನ್ನೂ ಹಾಗೆ ಬದಲಾಯಿಸಿತು. ಅವತ್ತಿಂದ ಇವತ್ತಿನವರೆಗೂ ನಾವು ಅದರಲ್ಲೇ ಇದ್ದೀವಿ. ಸೈಕ್ಲಿಂಗ್ ಕ್ಯಾಲೆಂಡರ್ ಕಥೆಯೂ ಹೆಚ್ಚು ಕಮ್ಮಿ ಹೀಗೇ.

1903ರ ಜುಲೈ 1. ಪ್ಯಾರಿಸ್ ಹೊರವಲಯದಿಂದ ಮೊದಲ ಟೂರ್ ಡಿ ಫ್ರಾನ್ಸ್ ಹೊರಡುತ್ತೆ. ಆರು ಹಂತ, 2,428 ಕಿಲೋಮೀಟರ್. ಗೆದ್ದವನು ಮಾರಿಸ್ ಗರಾಂ. ಇದನ್ನ ನಡೆಸಿದ್ದು 'ಲೋಟೋ' ಅನ್ನೋ ಪತ್ರಿಕೆ, ಪ್ರಸಾರ ಹೆಚ್ಚಿಸಿಕೊಳ್ಳೋಕೆ. ಜುಲೈ ಯಾಕೆ? ಅಲ್ಲಿ ಅದು ಬೇಸಿಗೆ. ಹಗಲು ಉದ್ದ, ರಸ್ತೆ ಒಣ, ಜನ ಮನೆಯಿಂದ ಹೊರಗೆ. ನಮ್ಮಲ್ಲಿ ಅದೇ ದಿನ ಆರಿದ್ರೆ ಮಳೆ ಹುಯ್ಯುತ್ತಿರುತ್ತೆ, ಗದ್ದೆಯಲ್ಲಿ ಸಸಿಮಡಿ ಕೆಲಸ.

ಬೇಸಿಗೆಯಲ್ಲಿ ರೇಸ್ ಅಂದಮೇಲೆ, ಚಳಿಗಾಲ ತಾನಾಗಿಯೇ ಖಾಲಿ ಉಳೀತು. ಹಿಮ, ಕತ್ತಲೆ, ಕೆಸರು. 'ಆಫ್ ಸೀಸನ್' ಹುಟ್ಟಿದ್ದು ಹೀಗೆ. ಯಾವ ವಿಜ್ಞಾನಿಯೂ ಅದನ್ನ ಕಂಡುಹಿಡಿಯಲಿಲ್ಲ. ಹವಾಮಾನ ಬಿಟ್ಟುಕೊಟ್ಟ ಖಾಲಿ ಜಾಗ ಅದು. ಆ ಜಾಗದಲ್ಲಿ ಸೈಕಲ್ ಜನ ಏನು ಮಾಡಿದರು ಅನ್ನೋದೇ ಚೆಂದದ ಇತಿಹಾಸ.

ಕೆಲವರು ಸೂರಿನ ಕೆಳಗೆ ಹೋದರು. ದೊಡ್ಡ ಊರುಗಳ ವೆಲೊಡ್ರೋಮ್‌ಗಳಲ್ಲಿ ಆರು ದಿನದ ರೇಸ್‌ಗಳು ನಡೆದವು. ಕೆಲವರು ಕೆಸರಿಗೇ ಇಳಿದರು. ಹೊಲ, ಕಾಡು, ಏರುಗಳಲ್ಲಿ ಸೈಕಲ್ ಓಡಿಸೋದು, ಆಗದ ಕಡೆ ಹೆಗಲ ಮೇಲೆ ಹೊತ್ತು ಓಡೋದು. ಸೈಕ್ಲೋಕ್ರಾಸ್ ಅಂತಾರೆ ಇದನ್ನ. ಫ್ರಾನ್ಸಿನಲ್ಲಿ ಇದರ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆದಿದ್ದು 1902ರಲ್ಲಿ, ಡೇನಿಯಲ್ ಗೂಸೋ ಅನ್ನೋರ ಮುತುವರ್ಜಿಯಿಂದ. 1910ರ ಟೂರ್ ಗೆದ್ದ ಒಕ್ಟಾವ್ ಲಪೀಝ್, ತನ್ನ ಗೆಲುವಿಗೆ ಚಳಿಗಾಲದ ಸೈಕ್ಲೋಕ್ರಾಸ್ ಕಾರಣ ಅಂದಮೇಲೆ ಆ ಆಟಕ್ಕೆ ಬೆಲೆ ಬಂತು. ಅದೇ ವರ್ಷ ಟೂರ್ ಮೊದಲ ಸಲ ಪಿರನೀಸ್‌ನ ಟೂರ್ಮಲೇ ಏರನ್ನ ಹತ್ತಿತ್ತು, ಅದರ ನೆತ್ತಿಯನ್ನ ಮೊದಲು ದಾಟಿದವನೂ ಲಪೀಝೇ.

ಮೂರನೆಯದು ರೋಲರ್. ಮೂರು ಉರುಳೆಗಳ ಮೇಲೆ ಸೈಕಲ್ ನಿಲ್ಲಿಸಿ ನಿಂತಲ್ಲೇ ತುಳಿಯೋದು. ಇದು ಈಗಿನ ಜಿಮ್ ಕಾಲದ್ದಲ್ಲ, 19ನೇ ಶತಮಾನದ್ದು. 1899ರ ಜೂನ್ 30ರಂದು ಅಮೆರಿಕದ ಚಾರ್ಲ್ಸ್ ಮರ್ಫಿ ರೈಲಿನ ಬೆನ್ನಿಗೇ ಸೈಕಲ್ ತುಳಿದು ಒಂದು ಮೈಲಿಯನ್ನ ಒಂದು ನಿಮಿಷದೊಳಗೆ ಮುಗಿಸಿದ. ಹಳಿಗಳ ಮಧ್ಯೆ ಹಲಗೆ ಹಾಸಿದ್ದರು. ಮರ್ಫಿ ರೋಲರ್ ಮೇಲೆ ಪಳಗಿದವನು. ಈ ರೋಲರ್‌ನ ನೆನಪಿಟ್ಟುಕೊಳ್ಳಿ, ಮುಂದೆ ನಮ್ಮ ಮನೆ ಜಗುಲಿಗೆ ಬರುತ್ತೆ.

ಇಲಿ, ಚಪ್ಪಲಿ ಕಾರ್ಖಾನೆ, ಒಲಿಂಪಿಕ್ಸ್

ಖಾಲಿ ಜಾಗಕ್ಕೆ ಲೆಕ್ಕಾಚಾರ ಬಂದಿದ್ದು ಆಮೇಲೆ. 1936ರಲ್ಲಿ ಹಾನ್ಸ್ ಸೆಲ್ಯೆ ಅನ್ನೋ ವೈದ್ಯ ವಿಜ್ಞಾನಿ ಕೆನಡಾದ ಮಾಂಟ್ರಿಯಲ್‌ನಿಂದ 'ನೇಚರ್' ಪತ್ರಿಕೆಗೆ ಒಂದು ಚಿಕ್ಕ ಬರಹ ಕಳಿಸಿದ. ಇಲಿಗಳಿಗೆ ಬೇರೆ ಬೇರೆ ಥರದ ಕಷ್ಟ ಕೊಟ್ಟು ನೋಡಿದ್ದ. ದೇಹ ಮೊದಲು ಗಾಬರಿಯಾಗುತ್ತೆ, ಆಮೇಲೆ ಒಗ್ಗಿಕೊಳ್ಳುತ್ತೆ, ಕಷ್ಟ ನಿಲ್ಲದೇ ಇದ್ದರೆ ಕೊನೆಗೆ ಸೋಲುತ್ತೆ. ಕ್ರೀಡಾ ತರಬೇತುದಾರರು ಇದನ್ನ ತಮ್ಮದು ಮಾಡಿಕೊಂಡರು: ಕಷ್ಟ ಕೊಡು, ಬಿಡು, ಒಗ್ಗಿಕೊಳ್ಳಲಿ, ಮತ್ತೆ ಕೊಡು. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ ಟ್ರೇನಿಂಗ್ ಅನ್ನೋದು ಸಾಲ, ವಿಶ್ರಾಂತಿ ಅನ್ನೋದು ಕಂತು. ಕಂತು ಕಟ್ಟದೆ ಸಾಲದ ಮೇಲೆ ಸಾಲ ತೆಗೆದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ.

1960ರ ದಶಕದಲ್ಲಿ ಸೋವಿಯತ್ ವಿದ್ವಾಂಸ ಲೆವ್ ಮತ್ವೇಯೆವ್ ಇಡೀ ವರ್ಷವನ್ನೇ ಭಾಗ ಮಾಡಿದ: ತಯಾರಿಯ ಕಾಲ, ಸ್ಪರ್ಧೆಯ ಕಾಲ, ಮಧ್ಯೆ ದಣಿವಾರಿಸಿಕೊಳ್ಳೋ ಕಾಲ. 1996ರಲ್ಲಿ ಅಮೆರಿಕದ ಜೋ ಫ್ರೀಲ್ 'ದ ಸೈಕ್ಲಿಸ್ಟ್ಸ್ ಟ್ರೇನಿಂಗ್ ಬೈಬಲ್' ಪುಸ್ತಕದಲ್ಲಿ ಇಂಥ ವಿಂಗಡಣೆಯನ್ನ ಸಾಮಾನ್ಯ ಸೈಕಲ್ ಸವಾರರ ಕೈಗೆ ಕೊಟ್ಟರು. ನಾನು ಡೌನ್‌ಲೋಡ್ ಮಾಡಿದಂಥ ಪ್ಲ್ಯಾನ್‌ಗಳ ವಂಶವೃಕ್ಷ ಇದು. ವಿಂಗಡಣೆ ಸರಿಯಾಗೇ ಇದೆ. ತಿಂಗಳುಗಳು ಮಾತ್ರ ನಮ್ಮವಲ್ಲ.

ಆದ್ರೆ ಈ ಕಥೆಯಲ್ಲಿ ನನಗೆ ಹತ್ತಿರದವನು ಅನ್ನಿಸಿದ್ದು ಒಬ್ಬ ನ್ಯೂಜಿಲೆಂಡಿನವನು. ಆರ್ಥರ್ ಲಿಡಿಯಾರ್ಡ್, ಚಪ್ಪಲಿ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ದ ಓಟಗಾರ. ತನ್ನ ಮೇಲೇ ಪ್ರಯೋಗ ಮಾಡಿಕೊಂಡು, ಆಕ್ಲೆಂಡ್ ಪಕ್ಕದ ಬೆಟ್ಟಗಳಲ್ಲಿ ಅಕ್ಕಪಕ್ಕದ ಹುಡುಗರನ್ನ ಓಡಿಸಿದ. ಮೊದಲು ತಿಂಗಳುಗಟ್ಟಲೆ ದೂರದ ಓಟ, ವಾರಕ್ಕೆ 100 ಮೈಲಿ. ಆಮೇಲೆ ಬೆಟ್ಟ. ಕೊನೆಗೆ ವೇಗ. 1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸ್‌ನಲ್ಲಿ ಅವನ ಇಬ್ಬರು ಹುಡುಗರು ಒಂದೇ ಸಂಜೆ ಚಿನ್ನ ಗೆದ್ದರು, ಪೀಟರ್ ಸ್ನೆಲ್ 800 ಮೀಟರ್‌ನಲ್ಲಿ, ಮರ್ರೆ ಹ್ಯಾಲ್ಬರ್ಗ್ 5,000 ಮೀಟರ್‌ನಲ್ಲಿ.

ನ್ಯೂಜಿಲೆಂಡ್ ಇರೋದು ದಕ್ಷಿಣ ಗೋಳದಲ್ಲಿ. ಅಲ್ಲಿ ಜೂನ್, ಜುಲೈ, ಆಗಸ್ಟ್ ಚಳಿಗಾಲ. ಯುರೋಪಿನ ತಿಂಗಳುಗಳು ಅಲ್ಲಿ ತಲೆಕೆಳಗು. 'ಬೇಸ್ ಟ್ರೇನಿಂಗ್' ಅಂತ ಇವತ್ತು ಎಲ್ಲ ಆ್ಯಪ್‌ಗಳಲ್ಲೂ ಕಾಣೋ ಪದದ ಹಿಂದೆ ಇರೋದು ಹೀಗೆ ತಿಂಗಳು ತಿರುಗಿಬಿದ್ದಿರೋ ಊರಿನ ಒಬ್ಬ ಮನುಷ್ಯ. ಬೆಟ್ಟ ಇದೆ, ಮಳೆ ಇದೆ, ಕ್ಯಾಲೆಂಡರ್ ಉಲ್ಟಾ ಇದೆ. ಇದನ್ನ ಓದಿದ ದಿನ ನನಗೆ ಅನ್ನಿಸಿತು, ನಮ್ಮ ತಿಂಗಳುಗಳನ್ನೂ ನಾವೇ ಬರೆದುಕೊಳ್ಳಬಹುದಲ್ಲ?

ಕಾಫಿ ಗಿಡಕ್ಕೆ ಗೊತ್ತಿರೋ ವಿಷಯ

ನಮ್ಮ ಕಡೆ ವರ್ಷವನ್ನ ಭಾಗ ಮಾಡೋ ಕೆಲಸ ಹಿಂದೆಯೇ ಆಗಿದೆ. ಕಾಫಿಯನ್ನೇ ನೋಡಿ. ಡಿಸೆಂಬರ್ ದಾಟಿದ ಮೇಲೆ ಒಣ ಹವೆ. ಗಿಡದಲ್ಲಿ ಮೊಗ್ಗು ಕೂತಿರುತ್ತೆ, ಅರಳಲ್ಲ. ಆ ಬಾಯಾರಿಕೆಯ ಕಾಲ ಕಳೆದು, ಫೆಬ್ರವರಿ, ಮಾರ್ಚ್ ಹೊತ್ತಿಗೆ ಒಂದು ಹದ ಹೂಮಳೆ ಬಿದ್ದರೆ, ಒಂದು ವಾರ ಹತ್ತು ದಿನದಲ್ಲಿ ತೋಟ ಪೂರ್ತಿ ಬೆಳ್ಳಗೆ. ಮೊದಲು ಒಣಗಬೇಕು, ಆಮೇಲೆ ನೀರು ಸಿಗಬೇಕು. ಎರಡರಲ್ಲಿ ಒಂದು ತಪ್ಪಿದರೂ ಫಸಲು ಕಮ್ಮಿ. ಸೆಲ್ಯೆ ಇಲಿಗಳಲ್ಲಿ ನೋಡಿದ್ದನ್ನ ನಮ್ಮ ದೊಡ್ಡಪ್ಪ ಗಿಡದಲ್ಲಿ ನೋಡ್ತಾ ಬಂದಿದ್ದಾರೆ.

ಇನ್ನು ಮಳೆ ನಕ್ಷತ್ರ. ನಮ್ಮಲ್ಲಿ ಬಹಳ ಜನ ಇದನ್ನ ಅಜ್ಜಿ ಬಾಯಲ್ಲಿ ಕೇಳಿರ್ತೀವಿ, ಲೆಕ್ಕ ಮಾತ್ರ ಗೊತ್ತಿರಲ್ಲ. ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರ ದಾಟುತ್ತಾನೆ. 365ನ್ನ 27ರಿಂದ ಭಾಗಿಸಿ: ಒಂದು ಮಳೆ ಅಂದ್ರೆ 13ರಿಂದ 14 ದಿನ. ಅಂದ್ರೆ ಎರಡು ವಾರ. ಎರಡು ಮಳೆ ಸೇರಿದರೆ ನಾಲ್ಕು ವಾರ. ತರಬೇತಿ ಪ್ಲ್ಯಾನ್‌ಗಳಲ್ಲಿ ಸಾಮಾನ್ಯವಾಗಿ ಇರೋದೂ ಇದೇ ಲೆಕ್ಕ: ಮೂರು ವಾರ ಸ್ವಲ್ಪ ಸ್ವಲ್ಪ ಏರಿಸು, ನಾಲ್ಕನೇ ವಾರ ಇಳಿಸು. ಬ್ಲಾಕ್ ಅಂತ ಅವರು ಕರೆಯೋದನ್ನ ನಾನು ಮಳೆ ಅಂತ ಕರೆದೆ, ಅಷ್ಟೇ.

ಹಾಗಂತ ನಕ್ಷತ್ರಕ್ಕೆ ನಿಮ್ಮ ಕಾಲಿನ ಶಕ್ತಿ ಗೊತ್ತು ಅಂತ ನಾನು ಹೇಳ್ತಿಲ್ಲ. ಇದು ಜ್ಯೋತಿಷ್ಯ ಅಲ್ಲ, ಹವಾಮಾನದ ನೆನಪು. ಯಾವಾಗ ಜೋರು, ಯಾವಾಗ ಹೊಳವು ಅಂತ ನಮ್ಮ ಹಿರಿಯರು ಗುರುತು ಹಾಕಿಕೊಂಡ ದಾರಿ.

ನನ್ನ ಪ್ಲ್ಯಾನ್: ಮೃಗಶಿರದಿಂದ ಸ್ವಾತಿವರೆಗೆ

ಮುಂದಿನ ವರ್ಷ ನಾನು ಮಾಡಿದ್ದು ಇದು. ನಾನು ಕೋಚ್ ಅಲ್ಲ. ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಹಳೇ ಪೆಟ್ಟು ಇರೋರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ.

ಮೊದಲು ಮೃಗಶಿರ, ಜೂನ್ 8ರ ಹತ್ತಿರ ಶುರು. ಎರಡು ವಾರ ಯಾವ ಪ್ಲ್ಯಾನೂ ಇಲ್ಲ. ನಿದ್ದೆ, ನಡಿಗೆ, ಸೈಕಲ್ ಸರ್ವಿಸ್. ಬ್ರೇಕ್ ಪ್ಯಾಡ್, ಕೇಬಲ್, ಚೈನ್ ನೋಡಿ. ನನ್ನದು ಸೆಕೆಂಡ್ ಹ್ಯಾಂಡ್, ರಿಮ್ ಬ್ರೇಕಿನ ಸೈಕಲ್. ಮಳೆಯಲ್ಲಿ ರಿಮ್ ಒದ್ದೆಯಾದರೆ ಬ್ರೇಕ್ ಹಿಡಿಯೋದು ತಡ. ಬಿದ್ದ ಮೇಲೆ ಕಲಿತಿದ್ದು.

ಆಮೇಲೆ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ. ಜೂನ್ 22ರಿಂದ ಆಗಸ್ಟ್ ಮಧ್ಯದವರೆಗೆ ಎಂಟು ವಾರ. ಆರಿದ್ರೆ ಮಳೆ ಆರದೆ ಹುಯ್ಯುತ್ತೆ ಅಂತ ಗಾದೆಯೇ ಇದೆ. ಇದೇ ನಮ್ಮ ನಿಜವಾದ ಆಫ್ ಸೀಸನ್. ವಾರಕ್ಕೆ ಎರಡು ದಿನ ಶಕ್ತಿ ವ್ಯಾಯಾಮ: ಬಸ್ಕಿ, ಒಂದೊಂದೇ ಕಾಲಲ್ಲಿ ಮೆಟ್ಟಿಲು ಹತ್ತೋದು, ಪ್ಲಾಂಕ್, ಬೆನ್ನ ಮೇಲೆ ಮಲಗಿ ಸೊಂಟ ಎತ್ತೋದು. ಹತ್ತು ಹತ್ತರಂತೆ ಮೂರು ಸುತ್ತು, ಪ್ಲಾಂಕ್ ಮಾತ್ರ ಅರ್ಧರ್ಧ ನಿಮಿಷ. ಎರಡು ದಿನ ಜಗುಲಿಯಲ್ಲಿ ರೋಲರ್. 30 ನಿಮಿಷದಿಂದ ಶುರು ಮಾಡಿ 50 ನಿಮಿಷಕ್ಕೆ ಮುಟ್ಟಿಸಿದೆ. ಸ್ಮಾರ್ಟ್ ಟ್ರೇನರ್ ಯಾಕೆ ತಗೊಳ್ಳಲಿಲ್ಲ ಅಂತ ಕೇಳ್ತಾರೆ. ದುಡ್ಡಿನ ಮಾತು ಬಿಡಿ, ಜುಲೈನಲ್ಲಿ ನಮ್ಮೂರಲ್ಲಿ ಒಂದು ಮರ ಬಿದ್ದರೆ ಎರಡು ದಿನ ಕರೆಂಟ್ ಇರಲ್ಲ, ನೆಟ್ ಇರಲ್ಲ. ಮರ್ಫಿ ಕಾಲದ ರೋಲರ್‌ಗೆ ಎರಡೂ ಬೇಡ. ಮೊದಲ ವಾರ ಕಂಬ ಹಿಡ್ಕೊಂಡೇ ತುಳಿದೆ. ಅಮ್ಮನಿಗೆ ಒಳ್ಳೆ ಮನರಂಜನೆ.

ಹೊಳವು ಕೊಟ್ಟ ದಿನ ಒಂದು ಗಂಟೆ ಹೊರಗೆ. ಆಗ ಪಶ್ಚಿಮಕ್ಕೆ ಹೋಗಬೇಡಿ, ಪೂರ್ವಕ್ಕೆ ಹೋಗಿ. ಸಕಲೇಶಪುರದ ಕಡೆಯಿಂದ ಆಲೂರು ದಾಟಿ ಹಾಸನದ ಕಡೆ ಬಂದ ಹಾಗೆ ಮಳೆ ಇಳಿಯುತ್ತೆ. ಆಲೂರು ಅರೆಮಲೆನಾಡು. ಅಲ್ಲಿ ಮುಸಲಧಾರೆ ಇದ್ದರೂ ಇಲ್ಲಿ ಸೋನೆ ಇರಬಹುದು. ಒಂದು ಎಚ್ಚರ: ಮುಂಗಾರಿನ ಗಾಳಿ ಪಶ್ಚಿಮದಿಂದ ಬರುತ್ತೆ. ಹೋಗುವಾಗ ಬೆನ್ನಿಗಿರುತ್ತೆ, ತಿರುಗಿ ಬರುವಾಗ ಎದೆಗೆ ಹೊಡೆಯುತ್ತೆ. ಅರ್ಧ ಶಕ್ತಿ ಉಳಿಸಿಕೊಂಡೇ ತಿರುಗಿ.

ಮೂರನೇದು ಮಖೆ, ಹುಬ್ಬೆ, ಉತ್ತರೆ. ಆಗಸ್ಟ್ 17ರಿಂದ ಸೆಪ್ಟೆಂಬರ್ ಕೊನೆಯವರೆಗೆ. ಮಳೆ ಮಧ್ಯೆ ಮಧ್ಯೆ ಬಿಡುವು ಕೊಡುತ್ತೆ. ಇದು ಲಿಡಿಯಾರ್ಡ್ ಕಾಲ: ದೂರ, ನಿಧಾನ. ಭಾನುವಾರದ ರೈಡ್ ಒಂದೂವರೆ ಗಂಟೆಯಿಂದ ಶುರು, ವಾರ ವಾರ ಹದಿನೈದು ನಿಮಿಷ ಸೇರಿಸಿ, ನಾಲ್ಕನೇ ವಾರ ಮತ್ತೆ ಒಂದೂವರೆಗೇ ಇಳಿಸಿ. ಆಮೇಲೆ ಎರಡು ಗಂಟೆ ದಾಟಿ. ವಾರಕ್ಕೆ ಒಟ್ಟು ನಾಲ್ಕು ಗಂಟೆಯಿಂದ ಆರು ಗಂಟೆ ಸಾಕು.

ಕೊನೆಗೆ ಹಸ್ತ, ಚಿತ್ತೆ, ಸ್ವಾತಿ. ನವೆಂಬರ್ ಮೊದಲ ವಾರದವರೆಗೆ. ಈಗ ಬೆಟ್ಟ. ವಾರಕ್ಕೆ ಒಂದೇ ದಿನ, ನಾಲ್ಕು ನಿಮಿಷದ ಏರು ನಾಲ್ಕು ಸಲ, ತಿಂಗಳು ಕಳೆಯೋ ಹೊತ್ತಿಗೆ ಎಂಟು ನಿಮಿಷದ ಏರು ಮೂರು ಸಲ. ಉಳಿದ ದಿನ ಮತ್ತೆ ನಿಧಾನವೇ. ಮಗ್ಗೆ, ಕೆಂಚಮ್ಮನ ಹೊಸಕೋಟೆ ಕಡೆ ಏರಿಗೇನೂ ಬರ ಇಲ್ಲ.

ಪವರ್ ಮೀಟರ್ ಇಲ್ಲದಿದ್ದರೆ?

ಎಷ್ಟು ಜೋರಾಗಿ ತುಳಿಯಬೇಕು ಅನ್ನೋದೇ ಹೊಸಬರ ದೊಡ್ಡ ತಲೆನೋವು. ಪವರ್ ಮೀಟರ್ ಹುಟ್ಟಿದ್ದು 1986ರಲ್ಲಿ ಜರ್ಮನಿಯ ಉಲ್ರಿಚ್ ಶೋಬೆರರ್ ಕೈಯಲ್ಲಿ, ಈಗಲೂ ದುಬಾರಿ. ಅದಕ್ಕೂ ಮೊದಲೇ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಒಂದು ಅಗ್ಗದ ಉಪಾಯ ಕೊಟ್ಟಿದ್ದ: ಆಗ್ತಿರೋ ಕಷ್ಟಕ್ಕೆ ನೀನೇ 6ರಿಂದ 20ರವರೆಗೆ ಅಂಕ ಕೊಡು. ನನ್ನ ಲೆಕ್ಕ ಇನ್ನೂ ಸುಲಭ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗ್ತಿದ್ರೆ ನಿಧಾನ. ಎರಡೆರಡೇ ಪದ ಬರ್ತಿದ್ರೆ ಜೋರು. ನಾರ್ವೆಯಲ್ಲಿ ನೆಲೆಸಿರೋ ಸಂಶೋಧಕ ಸ್ಟೀಫನ್ ಸೈಲರ್ ದೊಡ್ಡ ದೊಡ್ಡ ಕ್ರೀಡಾಪಟುಗಳ ಅಭ್ಯಾಸ ನೋಡಿ ಹೇಳಿದ್ದು, ಹತ್ತರಲ್ಲಿ ಸುಮಾರು ಎಂಟು ದಿನದ ಅಭ್ಯಾಸ ನಿಧಾನದ್ದೇ ಅಂತ. ನಾವು ಹೊಸಬರು ಮಾಡೋದು ಇದರ ಉಲ್ಟಾ: ದಿನಾ ಅರ್ಧ ಜೋರು, ದಿನಾ ಅರ್ಧ ಸುಸ್ತು.

ರಸ್ತೆ, ಘಾಟಿ, ಆನೆ

ಯಾವ ಡೌನ್‌ಲೋಡ್ ಪ್ಲ್ಯಾನಿನಲ್ಲೂ ಬರೆಯದ ಎರಡು ನಿಯಮ ನಮ್ಮಲ್ಲಿ ಬೇಕು.

ಒಂದು, ಮಳೆಗಾಲದಲ್ಲಿ ಘಾಟಿ ಬೇಡ. ಮಾರನಹಳ್ಳಿ ದಾಟಿ ಶಿರಾಡಿ ಇಳಿಯೋ ಆಸೆ ಎಲ್ಲರಿಗೂ ಇರುತ್ತೆ. ಆದ್ರೆ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆ ಬಂದ್ ಆಗಿತ್ತು. 2024ರ ಜುಲೈನಲ್ಲಿ ದೊಡ್ಡತಪ್ಪಲು ಬಳಿ ಮತ್ತೆ ಮಣ್ಣು ಜಾರಿತು, ಅದೇ ತಿಂಗಳು ಯಡಕುಮರಿ ಹತ್ತಿರ ರೈಲು ಹಳಿಯ ಕೆಳಗೂ ಕುಸಿತ. ರೈಲೇ ನಿಲ್ಲೋ ಕಡೆ ಎರಡು ಸಣ್ಣ ಟೈರಿನ ಮೇಲೆ ಹೋಗೋ ಅಗತ್ಯ ಏನಿದೆ?

ಎರಡು, ಬೆಳಕು ಹರಿಯೋವರೆಗೂ ಹೊರಡಬೇಡಿ. ಬೆಂಗಳೂರಿನ ಸೈಕ್ಲಿಸ್ಟ್‌ಗಳು ನಾಲ್ಕೂವರೆಗೇ ಹೊರಡ್ತಾರೆ, ಟ್ರಾಫಿಕ್ ತಪ್ಪಿಸೋಕೆ. ನಮ್ಮಲ್ಲಿ ಆ ಹೊತ್ತಿಗೆ ತೋಟದ ರಸ್ತೆಯಲ್ಲಿ ಆನೆ ಇರಬಹುದು. 2023ರ ಡಿಸೆಂಬರ್ 4ರಂದು ಯಸಳೂರು ಕಡೆ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನ ಸತ್ತಿದ್ದು ಇದೇ ಸಕಲೇಶಪುರ ತಾಲ್ಲೂಕಿನಲ್ಲಿ. ಅಂಬಾರಿ ಹೊತ್ತ ಆನೆಗೇ ಆ ಗತಿ ಆದ ಜಾಗ ಇದು. ಹೊರಡೋ ಮುಂಚೆ ಊರಿನ ವಾಟ್ಸ್ಆ್ಯಪ್ ಗ್ರೂಪ್ ನೋಡಿ, ಆನೆ ಎಲ್ಲಿದೆ ಅಂತ ಮೆಸೇಜ್ ಬಂದಿರುತ್ತೆ. ಇಯರ್‌ಫೋನ್ ಮನೆಯಲ್ಲೇ ಬಿಡಿ. ಪಾಡ್‌ಕಾಸ್ಟ್ ಮಾಡೋನೇ ಹೇಳ್ತಿದ್ದೀನಿ.

ಸ್ವಾತಿ ಕಳೆದ ಮೇಲೆ

ಇಷ್ಟೆಲ್ಲಾ ಮಾಡಿ ಏನಾಯ್ತು? ರೇಸ್ ಗೆದ್ದೆ ಅಂತ ಹೇಳೋಕೆ ಇಷ್ಟ ಇತ್ತು, ಆದ್ರೆ ಗೆದ್ದಿಲ್ಲ. ಡಿಸೆಂಬರ್ ಮೊದಲ ಭಾನುವಾರ, ಬೆಳಕು ಹರಿದ ಮೇಲೆ, ಆಲೂರಿನಿಂದ ಹೊರಟು ಬಾಳ್ಳುಪೇಟೆ, ಸಕಲೇಶಪುರ, ದೋಣಿಗಾಲ್ ದಾಟಿ ಮಂಜರಾಬಾದ್ ಕೋಟೆ ಕೆಳಗೆ ಸೈಕಲ್ ನಿಲ್ಲಿಸಿದೆ. 1792ರಲ್ಲಿ ಟಿಪ್ಪು ಕಟ್ಟಿಸಿದ ನಕ್ಷತ್ರದಾಕಾರದ ಕೋಟೆ. ಮೇಲೆ ಹತ್ತಿ ಸ್ವಲ್ಪ ಹೊತ್ತು ಕೂತು, ಬಂದ ದಾರಿಯಲ್ಲೇ ತಿರುಗಿದೆ. ಬರುವಾಗ ಬಾಳ್ಳುಪೇಟೆಯ ಅದೇ ತಿರುವು. ಒಣಗಿತ್ತು. ಆದ್ರೂ ವೇಗ ಇಳಿಸಿದೆ.

ಮನೆ ಸೇರಿದಾಗ ಕಣದಲ್ಲಿ ದೊಡ್ಡಪ್ಪ ಕಾಫಿ ಹರವಿಸ್ತಿದ್ದರು. ಕೊಯ್ಲು ಜೋರು. ಆ ತಿಂಗಳು ನಮ್ಮ ಮನೆಯಲ್ಲಿ ಯಾರಿಗೂ ಟ್ರೇನಿಂಗ್‌ಗೆ ಅಂತ ಸಮಯ ಸಿಗಲ್ಲ, ಮಾಡೋದೆಲ್ಲ ಮಳೆಯಲ್ಲೇ ಮಾಡಿ ಮುಗಿಸಿರಬೇಕು. ಅವರು ನನ್ನ ಮೊಣಕಾಲು ನೋಡಿದರು, ಸೈಕಲ್ ನೋಡಿದರು. "ಹೋಗ್ ಬಂದ್ಯಾ? ಸರಿ, ಕೈಕಾಲ್ ತೊಳ್ಕೊಂಡ್ ಬಾ, ಆ ಮೂಲೇಲಿ ಹರವೋದು ಬಾಕಿ ಇದೆ" ಅಂದ್ರು.

ನಿಮ್ಮ ಊರಿನ ಕ್ಯಾಲೆಂಡರ್ ಬೇರೆ ಇರುತ್ತೆ. ರಾಜ್ಯದ ಸೈಕ್ಲಿಂಗ್ ತವರು ಅನ್ನೋ ವಿಜಯಪುರ, ಬಾಗಲಕೋಟೆಯವರಿಗೆ ಮಳೆಗಿಂತ ಏಪ್ರಿಲ್, ಮೇ ಬಿಸಿಲೇ ಆಫ್ ಸೀಸನ್ ಇರಬಹುದು. ಕರಾವಳಿಯವರಿಗೆ ಮತ್ತೊಂದು. ಪ್ಲ್ಯಾನ್ ಡೌನ್‌ಲೋಡ್ ಮಾಡೋ ಮುಂಚೆ ಮನೆಯ ಹಿರಿಯರನ್ನ ಒಂದು ಮಾತು ಕೇಳಿ: ನಮ್ಮ ಕಡೆ ಎತ್ತು, ಗಾಡಿ, ಮನುಷ್ಯ ಯಾವ ತಿಂಗಳು ರಸ್ತೆಗೆ ಇಳೀತಿರಲಿಲ್ಲ? ಉತ್ತರವನ್ನ ವಾಯ್ಸ್ ನೋಟ್ ಮಾಡಿ ಕಳಿಸಿ, ಮುಂದೊಂದು ಎಪಿಸೋಡಿನಲ್ಲಿ ಹಾಕೋಣ. ಅಲ್ಲಿವರೆಗೆ ಹೆಲ್ಮೆಟ್ ಹಾಕಿ, ನಿಧಾನವಾಗಿ ತುಳೀರಿ. ಮುಂದಿನ ವಾರ ಸಿಗೋಣ.